ಆಚೆ ದಂಡಿಯ ಹಗ್ಗ

ಸುಳ್ಳು ಕಟ್ಟಿ ಹೇಳೋವಷ್ಟು ತ್ರಾಣ ನನ್ನಲ್ಲಿ ಇಲ್ರಿ. ೧೯೫೮ರ ಚೈತ್ರದಾಗ ಇಂಡಿ ಕಡೆ ಭೀಮಾ ನದಿ ಬತ್ತಿ, ಮಡುವಿನ್ಯಾಗಷ್ಟೇ ನೀರಿತ್ತು. ಮೂರು ದಿನ ಒಂದು ಮೀನೂ ಬಿದ್ದಿರಲಿಲ್ಲ. ನಾನು ಈ ದಂಡಿಗೆ, ಅಣ್ಣ ರಸೂಲಸಾಬ ಆ ದಂಡಿಯ ಜಾಲಿಕಂಟಿ ಮರೆಯಾಗ, ನಡುವ ಬಲೆ. ನಮ್ಮ ಮಾತೆಲ್ಲ ಹಗ್ಗದಾಗ. ಎರಡು ಸಲ ಜಗ್ಗಿದ್ರ 'ಎಳಿ', ಒಂದು ಸಲ ಜಗ್ಗಿದ್ರ 'ದಣದೇನಿ, ತಡಿ'. ತಡಿ ಅಂದವನನ್ನ ಎಳೀಬಾರದು ಅಂತ ಅಪ್ಪ ಕಲಿಸಿದ್ದ.

ಮಧ್ಯಾಹ್ನ ಹಗ್ಗ ಒಂದು ಸಲ ಜಗ್ಗಿತು. ತಡದೆ. ಮತ್ತ ಒಂದು ಸಲ. ಅಂಥಾ ಬಿಸಲಾಗೂ ಹಗ್ಗ ಬಾವಿ ನೀರಿನಂಗ ತಣ್ಣಗಿತ್ತು.

"ಮೀರಾ, ರೊಟ್ಟಿ ತಿನ್ನು ಬಾ." ಬೆನ್ನ ಹಿಂದ ಅಣ್ಣ ನಿಂತಿದ್ದ.

"ನೀ ಯಾವಾಗ ದಾಟಿ ಬಂದಿ?"

"ಆಗಲೇ. ಸಾಕಾಗಿ ಹಗ್ಗ ಉಸುಕಿನ ಮ್ಯಾಲ ಒಗದು ಬಂದೇನಿ."

ಬಿಗಿದು ನಿಂತ ಹಗ್ಗ ಅವನ ಕೈಗೆ ಕೊಟ್ಟೆ. ಅದು ಒಂದು ಸಲ ಜಗ್ಗಿತು. ಅಣ್ಣ ಎಳೀಲಿಲ್ಲ. ಹಿಡಕೊಂಡೇ ಉಸುಕಿನ್ಯಾಗ ಕುಂತ, ನಾನೂ ಕುಂತೆ. ಹೊತ್ತು ಮುಳುಗೋತನಕ ಅದು 'ಎಳಿ' ಅನ್ನಲೇ ಇಲ್ಲ. ಹಗ್ಗ ಬಿಟ್ಟು ಎದ್ದು ಬಂದ್ವಿ.

ನಮ್ಮಲ್ಲಿ ಇದ್ದದ್ದು ಅದೊಂದೇ ಬಲೆ.