ಓದದೇ ಬಿಟ್ಟ ಹನ್ನೊಂದನೇ ಪುಟ

"ಕೇಳಿ, ಕೇಳಿ, ಈ ಸಾಲು ನನಗೆ ಬಾಯಿಪಾಠ" ಎಂದು ಅದೆಮಾರ್ ಕಾಫಿ ಲೋಟವನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಒಪ್ಪಿಸಿದ: "'ಲೇಖಕರು ಜೀವಮಾನದಲ್ಲಿ ಒಮ್ಮೆಯೂ ನೀರಿನ ಲಾರಿ ಹತ್ತಿದಂತಿಲ್ಲ. ಕುರ್ಚಿಯಲ್ಲಿ ಕೂತು ರಸ್ತೆ ಹಾಕಿದ್ದಾರೆ.'"

ಕ್ಯಾಂಟೀನಿನ ದೋನಾ ಜೆಫಾ ಜೋಳದ ಕೇಕ್ ಕತ್ತರಿಸುತ್ತಲೇ ನಕ್ಕಳು. "ಅಯ್ಯೋ ಪಾಪ! ಯಾರಪ್ಪ ಆ ಪುಣ್ಯಾತ್ಮ?"

"ಯಾರಿಗ್ಗೊತ್ತು! ಪರೀಕ್ಷಕರ ಹೆಸರು ಹೇಳಲ್ಲ. ನನ್ನ ಪಾಲಿಗೆ ಅವನು ಬರೀ 'ಎರಡನೇ ಪರೀಕ್ಷಕ'."

ಎದುರಿಗೆ ಕೂತಿದ್ದ ಪ್ರೊಫೆಸರ್ ಜಾಂದಿರಾಳೂ ನಗುವವಳಂತೆ ಮುಖ ಮಾಡಿದಳು. ಆ ಸಾಲು ಅವಳದೇ.

ಅದೆಮಾರ್ ಕಂಪಿನಾ ಗ್ರಾಂಡೆ ಊರಿನ ವಿಶ್ವವಿದ್ಯಾಲಯದ ಈ ಕಂಪ್ಯೂಟರ್ ವಿಭಾಗಕ್ಕೆ ಪ್ರೊಫೆಸರಾಗಿ ಬಂದು ಆಗಿನ್ನೂ ಎರಡು ವಾರ. ನಾಲ್ಕು ವರ್ಷಗಳ ಹಿಂದೆ, ಅವನು ರೆಸೀಫೆ ನಗರದಲ್ಲಿದ್ದಾಗ, ಒಣನಾಡಿನ ಹಳ್ಳಿಗಳಿಗೆ ನೀರಿನ ಲಾರಿಗಳು ಯಾವ ದಾರಿ ಹಿಡಿದರೆ ಬೇಗ ಮುಟ್ಟುತ್ತವೆ ಎಂದು ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಬರೆದು, ಅದರ ಲೇಖನವನ್ನು ಸಮ್ಮೇಳನಕ್ಕೆ ಕಳಿಸಿದ್ದ. ಲೇಖಕರ ಹೆಸರಿಲ್ಲದೆ ಅದು ಪರಿಶೀಲನೆಗೆಂದು ಜಾಂದಿರಾಳ ಕೈಗೆ ಬಂದಿತ್ತು. ಅವಳು ಬೇಡವೆಂದು ಬರೆದಳು. ಎಂಟು ತಿಂಗಳಲ್ಲಿ ಬೇರೊಂದು ದೇಶದ ತಂಡ ಅದೇ ಲೆಕ್ಕವನ್ನು ತಾನೂ ಕಂಡುಕೊಂಡು ಪ್ರಕಟಿಸಿತು. ಮೊದಲು ಕಂಡುಕೊಂಡವನ ಹೆಸರು ಎಲ್ಲೂ ಉಳಿಯಲಿಲ್ಲ.

"ತಮಾಷೆ ಏನು ಗೊತ್ತಾ ಪ್ರೊಫೆಸ್ಸೋರಾ?" ಅದೆಮಾರ್ ಅವಳತ್ತ ವಾಲಿದ. "ನಾನು ಏಳು ತಿಂಗಳು ಆ ಲಾರಿಗಳಲ್ಲೇ ಓಡಾಡಿದ್ದೆ. ಸೊಂಟ ಮುರಿದುಹೋಗಿತ್ತು. ಅದೆಲ್ಲ ಹನ್ನೊಂದನೇ ಪುಟದಲ್ಲೇ ಇತ್ತು."

ಜಾಂದಿರಾ ಹನ್ನೊಂದನೇ ಪುಟ ಓದಿರಲಿಲ್ಲ. ಆ ವಾರ ಎಂಟು ಲೇಖನಗಳಿದ್ದವು, ಅದು ಕೊನೆಯದು, ಆ ದಿನವೇ ಕಳಿಸಬೇಕಿತ್ತು. ಎಂಟನೇ ಪುಟಕ್ಕೇ ಮುಚ್ಚಿ, ಒಂದು ಚೂಪಾದ ಮಾತು ಹೊಳೆಯಿತೆಂದು ಖುಷಿಪಟ್ಟು ಬರೆದುಬಿಟ್ಟಿದ್ದಳು.

ಆಗಲೇ ಹೇಳಬಹುದಿತ್ತು. ಅವಳು ಇನ್ನೊಂದು ತುಂಡು ಕೇಕ್ ಕೇಳಿದಳು.

ಹೇಳದೆ ಕಳೆದ ಮೊದಲ ದಿನ ಕಷ್ಟವಾಗಿತ್ತು. ಆಮೇಲಿನ ದಿನಗಳು ಇನ್ನೂ ಕಷ್ಟವಾದವು. ಏಕೆಂದರೆ ಅದೆಮಾರ್ ಒಳ್ಳೆಯವನಾಗಿದ್ದ. ಪಾಠ ಮಾಡುವಾಗ ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ ಬಳಿದುಕೊಳ್ಳುತ್ತಿದ್ದ. ನಕ್ಕರೆ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು, ಆಮೇಲೆ ಬಲಗಣ್ಣು. ಆ ಎರಡರ ನಡುವಿನ ಚೂರು ಹೊತ್ತಿಗಾಗಿ ತಾನು ಕಾಯುತ್ತಿದ್ದೇನೆ ಎಂದು ಜಾಂದಿರಾಳಿಗೆ ಗೊತ್ತಾದಾಗ ತಡವಾಗಿತ್ತು.

ಸಂಜೆ ಇಬ್ಬರೂ ಹಳೇ ಕೆರೆಯ ಸುತ್ತ ನಡೆಯತೊಡಗಿದರು. 'ನೀವು' ಹೋಗಿ 'ನೀನು' ಬಂತು.

"ನನ್ನನ್ನ ಯಾಕೆ ಹಾಗೆ ನೋಡ್ತೀಯ?" ಒಮ್ಮೆ ಅವನು ಕೇಳಿದ.

"ಹೇಗೆ?"

"ಪರೀಕ್ಷೆಗೆ ಓದದೆ ಬಂದ ಹುಡುಗಿ ಮೇಷ್ಟ್ರನ್ನ ನೋಡೋ ಹಾಗೆ."

ಅವಳು ನಕ್ಕಳು. ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ನಗು ಅದು. ಅವನು ಕೈ ಹಿಡಿದಾಗಲೆಲ್ಲ, ಇದು ತನಗೆ ಸಲ್ಲಬೇಕಾದದ್ದಲ್ಲ ಎನ್ನಿಸುತ್ತಿತ್ತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಆ ತಪ್ಪೂ ಮೊದಲಿನದರ ಜೊತೆ ಸೇರಿತು.

ಹೀಗೇ ಒಂದು ವರ್ಷ ಕಳೆದು, ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಊರೆಲ್ಲ ಹಬ್ಬಕ್ಕೆ ಬಣ್ಣದ ಕಾಗದದ ತೋರಣ ಕಟ್ಟಿದ್ದಾಗ, ಕೆರೆಯ ಕಟ್ಟೆಯ ಮೇಲೆ ಕೂತು ಅದೆಮಾರ್ ಹೇಳಿದ: "ನಾಳೆ ಊಟಕ್ಕೆ ನಮ್ಮಮ್ಮನ ಮನೆಗೆ ಬಾ. ನನಗೀಗ ನಲವತ್ತಾರು. ಇದುವರೆಗೂ ಯಾರನ್ನೂ ಕರ್ಕೊಂಡು ಹೋಗಿಲ್ಲ. ಹೋದ್ರೆ ಅಮ್ಮ ಮದುವೆ ದಿನ ಕೇಳ್ತಾಳೆ. ನಾನೂ ಕೇಳ್ತಾ ಇದೀನಿ ಅಂತ ಇಟ್ಕೋ."

ಜಾಂದಿರಾಳ ಕಣ್ಣು ತುಂಬಿತು. ಅವನು ಅದನ್ನು ಒಪ್ಪಿಗೆಯೆಂದುಕೊಂಡು ಹತ್ತಿರ ಸರಿದ. ಅವಳು ಅವನ ಎದೆಯ ಮೇಲೆ ಕೈಯಿಟ್ಟು ತಡೆದಳು.

"ಎರಡನೇ ಪರೀಕ್ಷಕ ನಾನು, ಅದೆಮಾರ್."

ಅವನ ಎಡಗಣ್ಣು ಕಿರಿದಾಯಿತು, ತಮಾಷೆಯೆಂದುಕೊಂಡಿರಬೇಕು. ಬಲಗಣ್ಣು ಹಾಗೇ ಉಳಿಯಿತು.

"ಲಾರಿ ಹತ್ತಿದಂತಿಲ್ಲ ಅಂತ ಬರೆದದ್ದು…"

"ನಾನೇ."

"ಹನ್ನೊಂದನೇ ಪುಟ?"

"ಓದಿರ್ಲಿಲ್ಲ."

"ಎಷ್ಟೊತ್ತು ಕೊಟ್ಟೆ ಅದಕ್ಕೆ?"

ಸುಳ್ಳು ಹೇಳಲು ಅವಳಿಗೆ ಇನ್ನು ತ್ರಾಣವಿರಲಿಲ್ಲ. "ಇಪ್ಪತ್ತು ನಿಮಿಷ."

ಅವನು ಕೆರೆಯ ನೀರಿನತ್ತ ತಿರುಗಿದ. "ಒಂದು ವರ್ಷದಿಂದ ಆ ಸಾಲು ಹೇಳಿ ಹೇಳಿ ನಕ್ಕಿದೀನಿ. ನೀನೂ ನಗ್ತಾ ಕೂತಿದ್ದೆ. ಇಪ್ಪತ್ತು ನಿಮಿಷ ಬಿಡು, ಮರೀತೀನೇನೋ. ಈ ಒಂದು ವರ್ಷಾನ ಎಲ್ಲಿಡ್ಲಿ?" ಎದ್ದು ನಡೆದುಹೋದ. ಭಾನುವಾರದ ಊಟದ ಮಾತು ಅಲ್ಲೇ ಉಳಿಯಿತು.

ಸೋಮವಾರ ಕಾರಿಡಾರಿನಲ್ಲಿ ಅವನು ದಾರಿ ಬಿಟ್ಟು ನಿಂತು, "ನೀವು ಮೊದಲು ಹೋಗಿ, ಪ್ರೊಫೆಸ್ಸೋರಾ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ 'ನೀವು' ಕೇಳಿ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಹಳೆಯ ಕಡತ ಹುಡುಕಿ ಹನ್ನೊಂದನೇ ಪುಟವನ್ನು ಓದಿದಳು. ಡ್ರೈವರುಗಳ ಹೆಸರುಗಳಿದ್ದವು, ಕೆಟ್ಟ ಸೇತುವೆಗಳ ಪಟ್ಟಿಯಿತ್ತು, ಯಾವ ಹಳ್ಳಿಯಲ್ಲಿ ಹೆಂಗಸರು ಎಷ್ಟು ಗಂಟೆಗೆ ಕೊಡ ಹಿಡಿದು ನಿಲ್ಲುತ್ತಾರೆ ಎಂಬುದಿತ್ತು. ಮೂರು ಸಲ ಓದಿದಳು. ಸಮ್ಮೇಳನದವರಿಗೆ ತನ್ನ ಹೆಸರು ಹಾಕಿ ಪತ್ರ ಬರೆದು, ತಾನು ಪೂರ್ತಿ ಓದದೆ ತಿರಸ್ಕರಿಸಿದ್ದೆ ಎಂದು ತಿಳಿಸಿದಳು. ಅದರಿಂದ ಯಾವುದೂ ಮರಳಿ ಬರುವಂತಿರಲಿಲ್ಲ. ಅವನಿಗೆ ಹೇಳಲೂ ಇಲ್ಲ.

ಹನ್ನೆರಡನೇ ದಿನ ಅದೆಮಾರ್ ಬಾಗಿಲು ತಟ್ಟಿದ. ಮುಖ ಸೊರಗಿತ್ತು. ಮೇಜಿನ ಮೇಲೆ ಒಂದು ಕಟ್ಟು ಹಾಳೆ ಇಟ್ಟ.

"ಹೊಸದು. ನಾಡಿದ್ದು ಕಳಿಸ್ಬೇಕು. ಪೂರ್ತಿ ಓದಿ. ನಾನಿಲ್ಲೇ ಕೂತಿರ್ತೀನಿ."

ಅವಳು ಓದಿದಳು. ಅವನು ಎದುರಿನ ಕುರ್ಚಿಯಲ್ಲಿ ಕಿತ್ತಳೆ ಸುಲಿಯುತ್ತ ಕೂತ, ತಿನ್ನಲಿಲ್ಲ. ಅದ್ಭುತವಾಗಿತ್ತು ಕೆಲಸ. ದಾರಿಯ ಉದ್ದದಲ್ಲಿ ನೂರಕ್ಕೆ ಮೂವತ್ತರಷ್ಟು ಉಳಿತಾಯವಾಗುತ್ತಿತ್ತು. ಆರನೇ ಪುಟದಲ್ಲಿ ಅವಳ ಬೆರಳು ನಿಂತಿತು. ಹಿಂದಕ್ಕೆ ಹೋದಳು. ಹಾಳೆಯ ಬೆನ್ನ ಮೇಲೆ ಲೆಕ್ಕ ಮಾಡಿದಳು, ಮತ್ತೊಮ್ಮೆ ಮಾಡಿದಳು. ಖಾಲಿ ಲಾರಿ ತಿರುಗಿ ಬರುವ ದಾರಿ ಒಂದು ಕಡೆ ಲೆಕ್ಕದಿಂದಲೇ ಬಿಟ್ಟುಹೋಗಿತ್ತು.

ದೇವರೇ, ಈ ಸಲವೂ ನಾನೇ ಆಗಬೇಕಿತ್ತೇ?

ಚೆನ್ನಾಗಿದೆ ಎಂದುಬಿಟ್ಟರೆ ಅವನು ನಗುತ್ತಾನೆ. ಹಳೆಯ ಪಾಪಕ್ಕೆ ಒಂದು ಹೊಗಳಿಕೆ ಕಟ್ಟಿ ಕೈತೊಳೆದುಕೊಳ್ಳಬಹುದು. ಕೊನೆಯ ಪುಟದವರೆಗೂ ಓದಿ ಮುಗಿಸಿ ತಲೆಯೆತ್ತಿದಳು.

"ಆರನೇ ಪುಟ ತಪ್ಪಿದೆ." ಹಾಳೆಯ ಬೆನ್ನ ಮೇಲಿನ ಲೆಕ್ಕ ತೋರಿಸಿದಳು. "ವಾಪಸ್ ಬರೋ ದಾರಿ ಬಿಟ್ಟುಹೋಗಿದೆ. ಉಳಿಯೋದು ಮೂವತ್ತಲ್ಲ, ಹದಿನೇಳು."

ಅವನು ಹಾಳೆ ಎಳೆದುಕೊಂಡ. ಪೆನ್ನು ಓಡಿತು, ನಿಂತಿತು. ಕಿವಿ ಕೆಂಪಾಯಿತು.

"ಹೌದಲ್ಲ" ಎಂದ ಕೊನೆಗೆ.

"ಕ್ಷಮಿಸು."

"ಇದಕ್ಕಾ? ಇದಕ್ಕೆ ಯಾರಾದ್ರೂ ಕ್ಷಮೆ ಕೇಳ್ತಾರಾ?"

"ಹಾಗಾದ್ರೆ ಅದಕ್ಕೆ."

"ಅದು ಇನ್ನೂ ನೋಯ್ತಿದೆ ಜಾಂದಿರಾ. ಇಲ್ಲ ಅಂತ ಸುಳ್ಳು ಹೇಳಲ್ಲ." ಅವನು ಅವಳನ್ನು ನೇರವಾಗಿ ನೋಡಿದ. "ಆದ್ರೆ ಆರನೇ ಪುಟಕ್ಕೆ ನಿನ್ನ ಮುಖ ಬಿಳಿಚಿಕೊಂಡಿದ್ದು ನೋಡ್ದೆ. ಆಮೇಲೂ ಚೆನ್ನಾಗಿದೆ ಅಂದಿದ್ರೆ, ಎದ್ದು ಹೋಗಿ ಮತ್ತೆ ಈ ಬಾಗಿಲು ತಟ್ತಿರ್ಲಿಲ್ಲ."

ಜಾಂದಿರಾ ಹಾಳೆಯ ಮೇಲೆ ಬಗ್ಗಿದಳು. ಕೆನ್ನೆ ಮೇಲೆ ಇಳಿದ ಕಣ್ಣೀರನ್ನು ಒರೆಸಿಕೊಳ್ಳಲಿಲ್ಲ.

"ಅಳ್ಬೇಡ, ಹಾಳೆ ಒದ್ದೆಯಾಗುತ್ತೆ" ಎಂದ ಅದೆಮಾರ್. ಕುರ್ಚಿಯನ್ನು ಮೇಜಿನ ಈಚೆಗೆ ತಂದು, ಅವಳ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಹಾಕಿಕೊಂಡ. "ಎರಡು ದಿನ ಇದೆ. ಪೆನ್ನು ತಗೋ. ಎಲ್ಲಿಂದ ಶುರು ಮಾಡೋಣ, ಹೇಳು."