ಅವಳ ಲಾಗಿನ್ ಕಿತ್ತವನು

"ನನ್ನ ಲಾಗಿನ್ ಕಿತ್ತುಹಾಕಿದ್ದು ನೀವೇನಾ?!"

ಅವಳು ಮೇಜಿಗೆ ಕೈಯೂರಿದ ರಭಸಕ್ಕೆ ಅವನ ಲೋಟದ ಟೀ ತುಳುಕಿತು.

ಆಸ್ಪತ್ರೆಯ ಡೇಟಾಬೇಸ್ ಕ್ಷಣಕ್ಷಣವೂ ಎದುರು ಕಟ್ಟಡದ ಕಂಪ್ಯೂಟರಿಗೆ ನಕಲಾಗುವಂತೆ ಮಾಡಿದವಳು ಅವಳು. ಅವನು ಹೊಸ ಸೆಕ್ಯುರಿಟಿ ಆಫೀಸರ್. ಬಂದ ದಿನದಿಂದ ಅವಳನ್ನು ನಗಿಸಿ ನಗಿಸಿ, ಈಗ ಬೆನ್ನ ಹಿಂದೆ ಇಂಥ ಕೆಲಸ!

"ನಾನೇ. ನಕಲು ನಿಮ್ಮ ಅಡ್ಮಿನ್ ಲಾಗಿನ್‌ನಲ್ಲೇ ಓಡ್ತಿತ್ತು. ಅದಕ್ಕೆ ನಕಲು ಮಾಡೋ ಅನುಮತಿಯೊಂದೇ ಸಾಕು. ನಿಮ್ಮದರಲ್ಲಿ ಎಲ್ಲಾ ಅಳಿಸಿಹಾಕಬಹುದು. ಅದಕ್ಕೇ ನಕಲಿಗೆ ಬೇರೆ ಲಾಗಿನ್ ಕೊಟ್ಟೆ."

"ಅಂದ್ರೆ... ನಾನು ಅಳಿಸ್ತೀನಿ ಅಂತಾನಾ?"

ಅವನು ತುಳುಕಿದ ಟೀ ಒರೆಸತೊಡಗಿದ. ಅವಳ ಮೈಯೆಲ್ಲ ಉರಿಯಿತು. 'ಇವನನ್ನಾ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು!'

ಅಷ್ಟರಲ್ಲಿ ಮ್ಯಾನೇಜರ್ ಇಬ್ಬರನ್ನೂ ಕರೆಸಿದರು.

"ರೋಗಿಗಳ ದಾಖಲೆ ಅಳಿಸಿಹೋಗಿದೆ. ಅಳಿಸಿದ್ದು ನಿನ್ನ ಲಾಗಿನ್‌ನಿಂದ. ನಾಳೆಯಿಂದ ಬರಬೇಡಮ್ಮ."

"ಸರ್! ನಾನಲ್ಲ..." ಕೆಲಸ ಹೋದರೆ ಹೋಗಲಿ, ಈ ಕಳಂಕ ಹೊತ್ತು ಇನ್ನೆಲ್ಲಿ ಮುಖ ತೋರಿಸುವುದು?

"ಇವರಲ್ಲ ಸರ್," ಅವನು ಮುಂದೆ ಬಂದ. "ಅಳಿಸಿದ್ದು ನಿನ್ನೆ, ಎದುರು ಕಟ್ಟಡದಿಂದ. ಆಗ ಇವರು ನಿಮ್ಮ ಮುಂದೇನೇ ಮೀಟಿಂಗಲ್ಲಿ ಕೂತಿದ್ರು. ನಕಲಿಗೋಸ್ಕರ ಇವರ ಪಾಸ್‌ವರ್ಡ್ ಆ ಕಂಪ್ಯೂಟರಲ್ಲೇ ಇತ್ತು. ಅಲ್ಲಿ ಕೂತ ಯಾರಿಗಾದ್ರೂ ಸಿಗ್ತಿತ್ತು."

ಮ್ಯಾನೇಜರ್ ಪೆಚ್ಚಾದರು. "ಹಾಗಾದ್ರೆ ಅಲ್ಲಿಯವರನ್ನ ವಿಚಾರಿಸ್ತೀನಿ. ನೀನು ಕೆಲಸ ನೋಡ್ಕೋಮ್ಮ."

ಒಂದು ಕ್ಷಮೆಯ ಮಾತೂ ಇಲ್ಲ!

ಹೊರಗೆ ಬಂದವಳೇ ಅವನ ಮೇಲೆ ತಿರುಗಿಬಿದ್ದಳು. "ನಿಮಗೆ ಎಲ್ಲಾ ಗೊತ್ತಿತ್ತು!"

"ನಿನ್ನೆ ಗೊತ್ತಾಯ್ತು. ಹೇಳಿದ್ರೆ ಹೆದರ್ತೀರೇನೋ ಅಂತ..."

"ಹೆದರೋಳಾ ನಾನು? ಆತುರದಲ್ಲಿ ನಕಲಿಗೆ ನನ್ನ ಲಾಗಿನ್ ಹಾಕಿದ್ದು ನನ್ನದೇ ತಪ್ಪು, ಒಪ್ಕೋತೀನಿ. ಆದ್ರೆ ನನ್ನ ವಿಷಯ ನನ್ನಿಂದಲೇ ಮುಚ್ಚಿಡೋಕೆ ನೀವ್ಯಾರು?"

ಅವನ ಮುಖ ಬಾಡಿತು. "ತಪ್ಪಾಯ್ತು. ನಿಜ ಹೇಳ್ಲಾ? ಹೆದರಿದ್ದು ನಾನು. ನೀವು ಕೆಲಸ ಬಿಟ್ಟು ಹೋಗ್ಬಿಟ್ರೆ... ನೀವು ಅಂದ್ರೆ ನನಗೆ ಪ್ರಾಣ."

ಅವಳ ಕಣ್ಣು ತುಂಬಿ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಇದನ್ನೂ ಮುಚ್ಚಿಟ್ಟಿದ್ರಾ! ಇಷ್ಟು ದಿನ ನಾನೊಬ್ಬಳೇ ಒದ್ದಾಡ್ತಿದ್ದೆ!"

"ಅಂದ್ರೆ... ನೀವೂ?"

"ಹೂಂ! ನಾಳೆ ಮನೆಗೆ ಬಂದು ಅಮ್ಮನ ಎದುರು ಕೂತು ಹೇಳಿ."

"ಆಮೇಲೆ ಕೋಪ ಹೋಗುತ್ತಾ?"

"ಸ್ವಲ್ಪ..." ಎನ್ನುತ್ತಾ ಅವಳು ಅವನ ಕೈ ಹಿಡಿದಳು.