ವಾಲ್‌ಬುರ್ಗಾ ಸುತ್ತಿದ ಸುರುಳಿ

“ಅದನ್ನ ಮಾತ್ರ ಬಿಚ್ಚಬೇಡ ಕಣಯ್ಯ ಟೋರ್ಬೆನ್. ಬೇರೆ ಏನು ಬೇಕಾದ್ರೂ ಬಿಚ್ಚು.”

ಕಾರ್ಖಾನೆಯ ಹಳೆಯ ಕೆಲಸಗಾರ, ಮುದುಕ ಎವಾಲ್ಡ್ ಹೀಗೆಂದಾಗ ಟೋರ್ಬೆನ್ ನಕ್ಕುಬಿಟ್ಟ. ಮಾಟಗಾತಿಯರ ಕತೆಗಳಿಗೆ ಹೆಸರಾದ ಜರ್ಮನಿಯ ಹಾರ್ಜ್ ಬೆಟ್ಟದ ತಪ್ಪಲಿನ ಆ ಪುಟ್ಟ ಕಾರ್ಖಾನೆಗೆ ಅವನು ಹ್ಯಾಂಬರ್ಗಿನಿಂದ ಎಂಜಿನಿಯರಾಗಿ ಬಂದು ಮೂರೇ ವಾರವಾಗಿತ್ತು. ರೇಡಿಯೋ ಕೇಂದ್ರಗಳಲ್ಲಿದ್ದ ಹಳೆಯ ಕಾಲದ ಆಂಪ್ಲಿಫೈಯರುಗಳನ್ನು ಹಳೆಯ ರೀತಿಯಲ್ಲೇ ಕೈಯಿಂದ ಕಟ್ಟುವ ಜಾಗ ಅದು. ಅವುಗಳ ಜೀವವೆಲ್ಲ ಒಳಗಿನ ತಾಮ್ರದ ಸುರುಳಿಯಲ್ಲಿ. ಮೂವತ್ತು ವರ್ಷ ಆ ಸುರುಳಿಗಳನ್ನು ಸುತ್ತಿದವಳು ವಾಲ್‌ಬುರ್ಗಾ. ಅವುಗಳ ಮೂಲಕ ಹಾದುಬಂದ ದನಿ ಕಿವಿಯ ಪಕ್ಕದಲ್ಲೇ ಉಸಿರಾಡಿದಂತಿರುತ್ತಿತ್ತು. ಎಷ್ಟು ಸುತ್ತು ಎಂಬುದನ್ನು ಅವಳು ಯಾರಿಗೂ ಹೇಳದೆ ಸತ್ತಳು. ಉಳಿದಿದ್ದದ್ದು ಒಂದೇ ಸುರುಳಿ. ಎಣಿಸಬೇಕೆಂದರೆ ಬಿಚ್ಚಲೇಬೇಕು.

“ಕಳ್ಳಿ ಅಂತ ಹಳೇ ಯಜಮಾನ ಅವಳನ್ನ ಕೂದಲು ಹಿಡಿದು ಬಡಿದ. ಕದ್ದಿದ್ದು ಅವನ ತಮ್ಮ,” ಎವಾಲ್ಡನ ದನಿ ತಗ್ಗಿತು. “ಕಿತ್ತು ಬಂದ ಕೂದಲನ್ನ ತಾಮ್ರದ ಕೆಳಗೆ ಸೇರಿಸಿ ಸುತ್ತಿದ್ಲು. ‘ಇದನ್ನ ಬಿಚ್ಚಿದವರನ್ನ, ಅಡ್ಡ ಬಂದವರನ್ನ ನಾನು ಸುತ್ತುತೀನಿ’ ಅಂದ್ಲು. ನಾನು ಪಕ್ಕದಲ್ಲೇ ನಿಂತಿದ್ದೆ.”

“ನಿಮ್ಮ ಬೆಟ್ಟದ ಮಾಟಗಾತಿಯರು ಇನ್ನೂ ಪೊರಕೆ ಮೇಲೇ ಹಾರ್ತಾರಾ? ಹೋಗಿ, ಕಾಫಿ ಕುಡೀರಿ.”

ಬೆಳಗಿನ ಹತ್ತು ಗಂಟೆ. ಹೊರಗೆ ಹಿಮದ ಬೆಳಕು ಕಣ್ಣು ಚುಚ್ಚುತ್ತಿತ್ತು. ಟೋರ್ಬೆನ್ ಸುರುಳಿಯನ್ನು ಯಂತ್ರಕ್ಕೆ ಸಿಕ್ಕಿಸಿ ಹಿಮ್ಮುಖವಾಗಿ ತಿರುಗಿಸಿದ. ಎಳೆ ಎಳೆಯಾಗಿ ತಾಮ್ರ ಬಿಚ್ಚಿಕೊಂಡಿತು. ಹಳೆಯ ವಾರ್ನಿಶಿನ ಸಿಹಿ ವಾಸನೆ ಮೆಲ್ಲಗೆ ಸುಟ್ಟ ಕೂದಲಿನ ಕಮಟಾಯಿತು. ತಾಮ್ರ ಮುಗಿಯಿತು. ಅದರಡಿಯಿಂದ ನರೆತ ಕೂದಲು ಬಂತು. ಒದ್ದೆಯಾಗಿತ್ತು. ಬೆಚ್ಚಗಿತ್ತು.

ಅದು ಅವನ ಬಲಗೈ ಬೆರಳಿಗೆ ಸುತ್ತಿಕೊಂಡಿತು.

ಗುಂಡಿ ಒತ್ತಿದ. ಯಂತ್ರ ನಿಲ್ಲಲಿಲ್ಲ. ವಿದ್ಯುತ್ ತಂತಿ ಕಿತ್ತೆಸೆದ. ನಿಲ್ಲಲಿಲ್ಲ. ಕೂದಲು ಚರ್ಮ ಕೊಯ್ದು ಮೂಳೆಗಿಳಿಯಿತು. ಎರಡು ಬೆರಳು ಮುರಿದವು. ಮಣಿಕಟ್ಟು ತಿರುಚಿತು. ಕಿವಿಯ ಪಕ್ಕದಲ್ಲೇ ಒಬ್ಬ ಹೆಂಗಸು ಸಾವಕಾಶವಾಗಿ ಎಣಿಸುತ್ತಿದ್ದಳು. ಒಂದು. ಎರಡು. ಮೂರು.

ಅವನ ಕಿರುಚಾಟಕ್ಕೆ ಎವಾಲ್ಡ್ ಓಡಿಬಂದ. ಒಲೆಯ ಪಕ್ಕ ಸೌದೆ ಒಡೆಯುವ ಕೊಡಲಿಯಿತ್ತು.

“ಕಣ್ಣು ಮುಚ್ಕೋ!”

ಒಂದೇ ಏಟು. ಟೋರ್ಬೆನ್ ಹಿಂದಕ್ಕೆ ಉರುಳಿದ. ಕೈ ಯಂತ್ರದಲ್ಲೇ ಉಳಿದು ಗಿರಗಿರ ಸುತ್ತಿತು. ರಕ್ತ ಕಿಟಕಿಗೆ ಸಿಡಿಯಿತು. ಆಮೇಲೆ ಕೂದಲು ಆ ಕೈಯನ್ನು ಉಗಿದು, ನೆಗೆದು, ಮುದುಕನ ಕೊರಳು ಹಿಡಿಯಿತು.

ಕೊಡಲಿ ಟೋರ್ಬೆನ್‌ನ ಕಾಲ ಬಳಿಗೆ ಬಂದು ಬಿತ್ತು.

“ಕೊಯ್ಯೋ! ಟೋರ್ಬೆನ್, ಕೊಯ್ಯಪ್ಪಾ!”

ಅವನಿಗೆ ಎಡಗೈ ಇನ್ನೂ ಇತ್ತು. ಮುದುಕ ಎರಡೇ ಹೆಜ್ಜೆ ದೂರದಲ್ಲಿದ್ದ. ಟೋರ್ಬೆನ್ ಬಾಗಿಲ ಕಡೆ ತೆವಳಿದ. ಬೆನ್ನ ಹಿಂದೆ ಕುತ್ತಿಗೆ ಲಟಕ್ಕೆಂದಿತು. ಅವನು ತಿರುಗಿ ನೋಡಲಿಲ್ಲ.

ಐದನೆಯ ದಿನ ಆಸ್ಪತ್ರೆಗೆ ಎವಾಲ್ಡನ ಹೆಂಡತಿ ಇರ್ಮ್‌ಟ್ರೌಟ್ ಬಂದಳು. ಕಪ್ಪು ಉಡುಪು. ಮಡಿಲಲ್ಲಿ ಬಟ್ಟೆ ಮುಚ್ಚಿದ ಸೂಪಿನ ಪಾತ್ರೆ. ಅವಳೇ ಚಮಚದಿಂದ ಅವನಿಗೆ ಕುಡಿಸಿದಳು.

“ನೀನು ಉಳಿದ್ಯಲ್ಲಪ್ಪ, ಅದೇ ಸಮಾಧಾನ. ನಮ್ಮೋರು ಕೊನೇಲಿ ಏನಾದ್ರೂ ಅಂದ್ರಾ?”

ಟೋರ್ಬೆನ್ ಗೋಡೆಯ ಕಡೆ ಮುಖ ತಿರುಗಿಸಿದ.

“ಇಲ್ಲ. ಏನೂ ಅನ್ನಲಿಲ್ಲ.”